ಜರ್ಮನ್ ಹೋಯಿತು, ಶಾಲೆ ಉಳಿಯಿತು

ಜರ್ಮನ್ ಪಾದ್ರಿಗಳ ಶಾಲೆ ಅಂದರೆ ಮಂಗಳೂರು, ಧಾರವಾಡದವರಿಗೆ ಥಟ್ಟನೆ ನೆನಪಾಗುವುದು ಬಾಸೆಲ್ ಮಿಶನ್. 1834ರಲ್ಲಿ ಮಂಗಳೂರಿಗೆ ಬಂದವರು ಕನ್ನಡ ಕಲಿತರು. 1843ರಲ್ಲಿ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದರು, 1894ರಲ್ಲಿ ಕಿಟೆಲ್ ನಿಘಂಟು ಅಚ್ಚಾಯಿತು. ಬಾಸೆಲಿನವರು ಮಂಗಳೂರಿಗೆ ಬಂದ ಐದೇ ವರ್ಷಕ್ಕೆ, 1839ರಲ್ಲಿ, ಜರ್ಮನಿಯ ಸ್ಯಾಕ್ಸನಿಯಿಂದ ಲೂಥರನ್ನರ (ಮಾರ್ಟಿನ್ ಲೂಥರನ ಪಂಥದ ಕ್ರೈಸ್ತರ) ಒಂದು ಗುಂಪು ಅಮೆರಿಕದ ಮಿಸೌರಿಗೆ ಬಂದಿಳಿಯಿತು. ಇವರ ದಾರಿ ತದ್ವಿರುದ್ಧ. ಹೊಸಬರನ್ನು ಸೇರಿಸಿಕೊಳ್ಳುವುದಕ್ಕಿಂತ ತಮ್ಮ ಮಕ್ಕಳು ಕೈತಪ್ಪಬಾರದೆಂಬ ಚಿಂತೆ. ಅದಕ್ಕೇ ಶಾಲೆ, ಅದಕ್ಕೇ ಜರ್ಮನ್.

1847ರಲ್ಲಿ ಷಿಕಾಗೋದಲ್ಲಿ ಮಿಸೌರಿ ಸಿನಡ್ ಎಂಬ ಚರ್ಚುಗಳ ಒಕ್ಕೂಟ ಕಟ್ಟಿದಾಗ, ಸೇರುವ ಪ್ರತಿ ಸಭೆಯೂ (ಒಂದೊಂದು ಚರ್ಚಿನ ಭಕ್ತರ ಕೂಟ) ಮಕ್ಕಳಿಗೆ ಕ್ರೈಸ್ತ ಶಿಕ್ಷಣ ಒದಗಿಸಬೇಕೆಂದು ನಿಯಮವನ್ನೇ ಬರೆದುಕೊಂಡರು. ಮೇಷ್ಟ್ರು ಸಿಗದ ಕಡೆ ಸಭಾಪಾಲಕರೇ ಪಾಠ ಮಾಡುತ್ತಿದ್ದರು. ಲೂಥರನ ಸಣ್ಣ ಕ್ಯಾಟೆಕಿಸಂ, ಅಂದರೆ ಧರ್ಮಪಾಠದ ಪ್ರಶ್ನೋತ್ತರ ಪುಸ್ತಕ, ಬಾಯಿಪಾಠ: ದಶಾಜ್ಞೆ, ವಿಶ್ವಾಸ ಪ್ರಮಾಣ, ಕರ್ತನ ಪ್ರಾರ್ಥನೆ, ಒಂದೊಂದರ ಬೆನ್ನಿಗೂ ‘ಹಾಗೆಂದರೇನು?’ ಎಂಬ ಪ್ರಶ್ನೆ. ನಮ್ಮ ಮಗ್ಗಿಯ ಹಾಗೆಯೇ, ಅರ್ಥ ಮಾತ್ರ ಜೊತೆಗೇ ಬರುತ್ತದೆ.

ಮೊದಲ ಮಹಾಯುದ್ಧ ಜರ್ಮನ್ ಭಾಷೆಯನ್ನೇ ಅನುಮಾನಕ್ಕೆ ತಳ್ಳಿತು. 8ನೇ ತರಗತಿ ದಾಟದ ಮಕ್ಕಳಿಗೆ ಪರಭಾಷೆ ಕಲಿಸಬಾರದೆಂದು ನೆಬ್ರಾಸ್ಕ 1919ರಲ್ಲಿ ಕಾನೂನು ಮಾಡಿತು. ಹ್ಯಾಂಪ್ಟನ್‌ನ ಸಭಾಶಾಲೆಯ ಮೇಷ್ಟ್ರು ರಾಬರ್ಟ್ ಮೇಯರ್ ಹತ್ತು ವರ್ಷದ ಹುಡುಗನಿಗೆ ಜರ್ಮನ್ ಓದಿಸಿ ಸಿಕ್ಕಿಬಿದ್ದರು. ದಂಡ 25 ಡಾಲರ್. 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 7-2ರಲ್ಲಿ ಆ ಕಾನೂನನ್ನು ತಳ್ಳಿಹಾಕಿತು. (ಪ್ರಾಥಮಿಕ ಹಂತದಲ್ಲಿ ತಾಯ್ನುಡಿ ಅಥವಾ ಕನ್ನಡ ಮಾಧ್ಯಮದ ಕಡ್ಡಾಯವನ್ನು 2014ರಲ್ಲಿ ನಮ್ಮ ಸುಪ್ರೀಂ ಕೋರ್ಟು ಬೀಳಿಸಿದ್ದು ನೆನಪಾಗದಿರದು. ಕರ್ನಾಟಕದಲ್ಲಿ ಸರ್ಕಾರ ಹೇರಿದ್ದು ತಾಯ್ನುಡಿ, ನೆಬ್ರಾಸ್ಕದಲ್ಲಿ ತಡೆದದ್ದು ತಾಯ್ನುಡಿ.) ಮೊಕದ್ದಮೆ ಗೆದ್ದರೂ ಜರ್ಮನ್ ಉಳಿಯಲಿಲ್ಲ. ಪಾಠ, ಆರಾಧನೆ ಎರಡೂ ಮೆಲ್ಲಗೆ ಇಂಗ್ಲಿಷಿಗೆ ಹೊರಳಿದವು.

ಶಾಲೆ ಉಳಿದದ್ದು ಮೇಷ್ಟ್ರನ್ನು ನೇಮಿಸಿಕೊಳ್ಳುವ ಕ್ರಮದಿಂದ ಎಂದು ನನ್ನ ಅನಿಸಿಕೆ. ಗುತ್ತಿಗೆಯ ಶಿಕ್ಷಕರು ಬೇರೆ, ‘ಕರೆ’ ಪಡೆದವರು ಬೇರೆ. ಎರಡನೆಯವರು ದೇವಶಾಸ್ತ್ರ ಓದಿ ಪರೀಕ್ಷೆ ಕೊಡಬೇಕು. ಆಮೇಲೆ ಸಭೆ ಮತ ಹಾಕಿ ಕರೆಯುತ್ತದೆ. ಅವಧಿಯ ಮಿತಿ ಇಲ್ಲ, ಸುಮ್ಮನೆ ತೆಗೆಯುವ ಹಾಗಿಲ್ಲ. ಹೊಸಾನಾ-ಟೇಬರ್ ಎಂಬ ಸಭಾಶಾಲೆಯ ಮೊಕದ್ದಮೆಯ 2012ರ ತೀರ್ಪಿನಲ್ಲಿ ಅಂಥ ಶಿಕ್ಷಕಿಯನ್ನು ಅಮೆರಿಕದ ಸುಪ್ರೀಂ ಕೋರ್ಟು ಧರ್ಮಸೇವಕಿ ಎಂದೇ ಪರಿಗಣಿಸಿತು. ಸಂಬಳಕ್ಕೆ ಶುಲ್ಕದ ಜೊತೆ ಭಾನುವಾರದ ಕಾಣಿಕೆಯೂ ಸೇರುತ್ತದೆ. ಎಡವಟ್ಟಾಗುವುದೂ ಇಲ್ಲೇ: ಸಭೆಯಲ್ಲಿ ಮುದುಕರೇ ಉಳಿದು ಕಾಣಿಕೆ ಇಳಿದರೆ ಶಾಲೆ ಇಡೀ ಬಜೆಟ್ಟನ್ನು ನುಂಗುತ್ತದೆ. ಶುಲ್ಕ ಏರಿಸಿದರೆ ಮಕ್ಕಳು ಬಿಡುತ್ತಾರೆ, ಏರಿಸದಿದ್ದರೆ ಚಾವಣಿ ಸೋರುತ್ತದೆ.

ಹೊರನಾಡಿನ ನಮ್ಮ ಕನ್ನಡ ತರಗತಿಗಳು ವಾರಕ್ಕೊಂದೆರಡು ಗಂಟೆ, ಬಿಡುವಿದ್ದವರ ಉತ್ಸಾಹದ ಮೇಲೆ ನಡೆಯುತ್ತವೆ; ಕಲಿಸುವವರು ಊರು ಬದಲಿಸಿದರೆ ತರಗತಿಯೂ ಮುಗಿಯಿತು. ಸಂಘದ ಲೆಕ್ಕಪತ್ರದಲ್ಲಿ ರಾಜ್ಯೋತ್ಸವದ ಊಟಕ್ಕೆ, ಗಾಯಕರ ವಿಮಾನ ಟಿಕೆಟ್ಟಿಗೆ ಒಂದೊಂದು ಸಾಲು ಇದ್ದೇ ಇರುತ್ತದೆ. ಮೇಷ್ಟ್ರ ಸಂಬಳದ ಸಾಲು ಕಾಣುವುದು ಅಪರೂಪ.