ಅರಮನೆಯವರು ಮಕ್ಕಳ ಕಾರ್ಟೂನಿಗೆ ಕೈಹಾಕಬೇಕೇ?

ಪರ

ಆಗ ಬ್ರಿಟನ್ನಿನ ಯಾರ್ಕ್ ಡಚೆಸ್ ಆಗಿದ್ದ ಸಾರಾ ಫರ್ಗ್ಯುಸನ್ 1989ರಲ್ಲಿ ಬಡ್ಜಿ ಎಂಬ ಪುಟ್ಟ ಹೆಲಿಕಾಪ್ಟರಿನ ಕಥೆ ಬರೆದರು. 1994ರಲ್ಲಿ ಅದು ಐಟಿವಿ ಚಾನೆಲ್‌ನಲ್ಲಿ ಕಾರ್ಟೂನಾಗಿ ಬಂತು. ರಾಜಮನೆತನದ ಸೊಸೆಗೆ ಇದೆಲ್ಲ ಯಾಕೆ ಅಂದವರಿದ್ದಾರೆ. ಆದರೆ ಕಥೆ ಹುಟ್ಟಿದ್ದೆಲ್ಲಿ ನೋಡಿ. ಆಗಿನ ಗಂಡ ಆಂಡ್ರ್ಯೂ ನೌಕಾಪಡೆಯಲ್ಲಿ ಹೆಲಿಕಾಪ್ಟರ್ ಪೈಲಟ್ ಆಗಿದ್ದವರು, 1982ರ ಫಾಕ್‌ಲ್ಯಾಂಡ್ ಯುದ್ಧಕ್ಕೆ ಹೋಗಿಬಂದವರು. ಸಾರಾ ತಾವೂ ಹಾರಿಸಲು ಕಲಿತರು. ತಮಗೆ ಗೊತ್ತಿದ್ದ ಲೋಕವನ್ನೇ ಮಕ್ಕಳಿಗೆ ಕೊಟ್ಟರು. ಬರೆಯುವವರು ಮಾಡಬೇಕಾದ್ದೂ ಅದೇ ಅಲ್ವಾ?

ಆಂಡ್ರ್ಯೂ ಅಣ್ಣ ಚಾರ್ಲ್ಸ್ ಅವರ ಕಥೆಯೂ ಹೀಗೇ. ಸ್ಕಾಟ್ಲೆಂಡಿನ ಲಾಕ್ನಗಾರ್ ಬೆಟ್ಟದ ಮುದುಕನ ಕಥೆಯನ್ನು ಅವರು ಮೊದಲು ಹೇಳಿದ್ದು ಚಿಕ್ಕ ತಮ್ಮಂದಿರಿಗೆ. 1980ರಲ್ಲಿ ಪುಸ್ತಕವಾಯಿತು, 1992ರಲ್ಲಿ ಬಿಬಿಸಿ ಅನಿಮೇಷನ್ ಮಾಡಿತು. ನಿರೂಪಣೆಯ ದನಿಯೂ ಅವರದ್ದೇ. ತಮ್ಮಂದಿರನ್ನು ಕೂರಿಸಿಕೊಂಡು ಹೇಳಿದ ಕಥೆಗೆ ಬಿರುದಿನ ಹಂಗಿಲ್ಲ. ನಾಲ್ಕು ವರ್ಷದ ಮಗುವಿಗಂತೂ ಡಚೆಸ್ ಅಂದರೆ ಯಾರೆಂದೇ ಗೊತ್ತಿಲ್ಲ. ಬೇಜಾರಾದರೆ ಎದ್ದು ಆಟಕ್ಕೆ ಹೋಗುತ್ತದೆ, ಅಷ್ಟೇ.

ವಿರೋಧ

ಮಗುವಿಗೆ ಗೊತ್ತಿಲ್ಲ, ನಿಜ. ಆದರೆ ಯಾವ ಕಥೆ ಪರದೆಗೆ ಬರಬೇಕೆಂದು ತೀರ್ಮಾನಿಸುವುದು ಮಗುವಲ್ಲ. ಪ್ರಕಾಶಕರಿಗೆ, ಚಾನೆಲ್‌ನವರಿಗೆ, ಆಟಿಕೆ ಮಾರುವವರಿಗೆ ಡಚೆಸ್ ಯಾರೆಂದು ಚೆನ್ನಾಗಿ ಗೊತ್ತು. ಆ ಕಾಲದಲ್ಲಿ ಮಕ್ಕಳ ಕಾರ್ಯಕ್ರಮಕ್ಕೆ ಸಿಗುತ್ತಿದ್ದ ಹೊತ್ತು ಸಂಜೆಯ ಒಂದೆರಡು ಗಂಟೆ. ಹಣವೂ ಕಮ್ಮಿ. ಅಲ್ಲಿ ದೊಡ್ಡ ಹೆಸರೊಂದು ಕೂತರೆ, ಹೆಸರಿಲ್ಲದವರ ಕಥೆ ಹೊರಗೇ ಉಳಿಯುತ್ತದೆ.

ಟಿವಿಗೆ ಮಕ್ಕಳ ಬೊಂಬೆ ಕಾರ್ಯಕ್ರಮ ಮಾಡುತ್ತಿದ್ದ ಆಲಿವರ್ ಪೋಸ್ಟ್‌ಗೇಟ್ ಮತ್ತು ಪೀಟರ್ ಫರ್ಮಿನ್ ಅವರನ್ನು ನೆನೆಯಿರಿ. ಇಂಗ್ಲೆಂಡಿನ ಕೆಂಟ್‌ನಲ್ಲಿ ಫರ್ಮಿನ್ ಅವರ ಹೊಲದ ಹಳೆಯ ಕೊಟ್ಟಿಗೆಯೇ ಇವರ ಸ್ಟುಡಿಯೋ ಆಗಿತ್ತು. ಫರ್ಮಿನ್ ಬೊಂಬೆ ಮಾಡುವುದು, ಚಿತ್ರ ಬರೆಯುವುದು. ಪೋಸ್ಟ್‌ಗೇಟ್ ಕಥೆ ಬರೆದು, ದನಿ ಕೊಟ್ಟು, ಕ್ಯಾಮೆರಾ ಮುಂದೆ ಬೊಂಬೆಯನ್ನು ಕೂದಲೆಳೆಯಷ್ಟು ಸರಿಸುವುದು, ಒಂದು ಫ್ರೇಮ್ ತೆಗೆಯುವುದು, ಮತ್ತೆ ಸರಿಸುವುದು. ಒಂದು ಬೆಕ್ಕು ಆಕಳಿಸಬೇಕಾದರೂ ಇಷ್ಟೂ ಆಗಬೇಕು. 1974ರಲ್ಲಿ ಬಂದ ಇವರ ಬ್ಯಾಗ್‌ಪಸ್ ಎಂಬ ಬಟ್ಟೆಬೆಕ್ಕಿನ ಕಾರ್ಯಕ್ರಮ ಬರೀ 13 ಕಂತು. 1999ರಲ್ಲಿ ಬಿಬಿಸಿ ಕೇಳಿದಾಗ, ಮಕ್ಕಳ ಕಾರ್ಯಕ್ರಮಗಳಲ್ಲಿ ಜನ ಮೊದಲ ಸ್ಥಾನ ಕೊಟ್ಟಿದ್ದು ಆ ಹಳೆಯ ಬಟ್ಟೆಬೆಕ್ಕಿಗೇ.

(ಪೋಸ್ಟ್‌ಗೇಟ್ ಅವರ ಅಜ್ಜ ಲೇಬರ್ ಪಕ್ಷದ ನಾಯಕ ಜಾರ್ಜ್ ಲ್ಯಾನ್ಸ್‌ಬರಿ. ಮನೆತನ ಸಾಮಾನ್ಯದ್ದಲ್ಲ. ಆದರೆ ಬ್ಯಾಗ್‌ಪಸ್ ಅಜ್ಜನ ಹೆಸರಲ್ಲಿ ಮಾರಾಟವಾಗಲಿಲ್ಲ.)

ಅರಮನೆಯವರು ಬರೆಯಲಿ, ಬೇಡ ಅನ್ನುವವರು ಯಾರು? ಹೆಸರು ತೆಗೆದು ಕಥೆ ಕಳಿಸಲಿ. ಚಾನೆಲ್‌ನವರು ಅದನ್ನೂ ಮಿಕ್ಕ ಕಥೆಗಳ ಜೊತೆಗಿಟ್ಟು ಓದಲಿ.