ಎಂಟಾಣೆ ಮೋಡ

ಪಕ್ಕದ ಫ್ಲ್ಯಾಟಿಗೆ ಬಂದವನು ಪೈಲಟ್ ಅಂತ ಗೊತ್ತಾದ ಮೇಲೆ ಗೋವಾದ ಚಿಕಾಲಿಂನ ನಮ್ಮ ಬಿಲ್ಡಿಂಗಿನಲ್ಲಿ ಯಾರೂ ಟಿವಿಯ ಹವಾಮಾನ ವರದಿ ನೋಡುತ್ತಿಲ್ಲ. ಶಿವಮೊಗ್ಗ ಕಡೆಯ ಹುಡುಗ. ನಿಜ ಹೇಳಬೇಕೆಂದರೆ ಇನ್ನೂ ಕೋ-ಪೈಲಟ್, ಆದರೆ ನಮಗೆಲ್ಲ ಅವನು ಕ್ಯಾಪ್ಟನ್ನೇ. ದಾಬೋಲಿಂ ಏರ್‌ಪೋರ್ಟ್ ಇಲ್ಲೇ ಪಕ್ಕ, ವಿಮಾನದ ಸದ್ದು ನಮಗೆ ಮಿಕ್ಸಿ ಸದ್ದಿನಷ್ಟೇ ಮಾಮೂಲಿ. ಆದರೂ ರಾತ್ರಿಯೆಲ್ಲ ಹಾರಿ, ಬೆಳಗ್ಗೆ ಕೆಂಪು ಕಣ್ಣು ಬಿಟ್ಟುಕೊಂಡು ಲಿಫ್ಟ್ ಹತ್ತಿದವನನ್ನು ಹಿಡಿದು ನಿಲ್ಲಿಸಿ ‘ಇವತ್ತು ಬೆಡ್‌ಶೀಟ್ ಒಗೀಬಹುದಾ’ ಅಂತ ಕೇಳುವುದಿದೆಯಲ್ಲ, ಅದು ಸ್ವಲ್ಪ ಜಾಸ್ತಿಯಾಯಿತು.

ಹಾಗೆ ಕೇಳುವವರಲ್ಲಿ ನಮ್ಮ ಅತ್ತೆಯೇ ಮೊದಲಿಗರು. ಮೇ ತಿಂಗಳಲ್ಲಿ ಹುಬ್ಬಳ್ಳಿಯಿಂದ ಸಂಡಿಗೆ ಒರಳು ಒಂದು ಬಿಟ್ಟು ಬೇರೆಲ್ಲ ಹೊತ್ತುಕೊಂಡು ಬಂದರು. ತಾರಸಿಯ ಮೇಲೆ ಹಳೇ ಕಾಟನ್ ಸೀರೆ ಹಾಸಿ, ನಾಲ್ಕು ಮೂಲೆಗೂ ಇಟ್ಟಿಗೆ ಇಟ್ಟು, ಅಕ್ಕಿ ಹಿಟ್ಟಿನ ಸಂಡಿಗೆ ಬಿಡುವ ಮುಂಚೆ ಆ ಹುಡುಗನ ಬಾಗಿಲು ಬಡಿದರು. “ಏನಪಾ ತಮ್ಮಾ, ಮಳಿ ಎಷ್ಟಕ್ಕ ಬರ್ತದ?”

ಅವನು ನಿದ್ದೆಗಣ್ಣಲ್ಲೇ ಫೋನ್ ನೋಡಿ, “ಹನ್ನೊಂದರ ಮೇಲೆ ಸಿಬಿ ಇದೆ ಅಜ್ಜಿ” ಅಂದು ಬಾಗಿಲು ಹಾಕಿಕೊಂಡ. ಸಿಬಿ ಅಂದರೆ ಕ್ಯುಮುಲೋನಿಂಬಸ್, ಗುಡುಗು ಸಿಡಿಲಿನ ಮೋಡ. ಪೈಲಟ್‌ಗಳು ಅದರ ಹತ್ತಿರ ಸುಳಿಯುವುದೇ ಇಲ್ಲ, ಮೈಲಿಗಟ್ಟಲೆ ಸುತ್ತು ಹಾಕಿ ಹೋಗುತ್ತಾರೆ. ಅತ್ತೆ ಹತ್ತೂವರೆಗೇ ಇಟ್ಟಿಗೆ ಎತ್ತಿ, ಅರೆ ಒಣಗಿದ ಸಂಡಿಗೆ ಸಮೇತ ಸೀರೆಯನ್ನು ಒಳಗೆ ತಂದರು. ಹೊರಗೆ ಬಿಸಿಲು ಸುಡುತ್ತಿದೆ! ಹನ್ನೆರಡಾಯಿತು, ಎರಡಾಯಿತು, ಮೋಡದ ಸುಳಿವೇ ಇಲ್ಲ. ಹಾಲ್ ತುಂಬಾ ಸಂಡಿಗೆ, ಕಾಲಿಡಲು ಜಾಗವಿಲ್ಲದೆ ನಮ್ಮನೆಯವರು ಸೋಫಾ ಮೇಲೇ ಊಟ ಮಾಡಿದರು. ಮೂರೂವರೆಗೆ ಅತ್ತೆ, “ಅವನ ಇಮಾನ ಯಾರು ಹತ್ತತಾರೋ ಏನೋ” ಅಂತ ಬೈದುಕೊಂಡು ಮತ್ತೆ ಎಲ್ಲ ಮೇಲೆ ಹಾಸಿ ಬಂದರು. ನಾಲ್ಕೂವರೆ ದಾಟಿತ್ತೋ ಇಲ್ಲವೋ, ಘಟ್ಟದ ಕಡೆಯಿಂದ ಕಪ್ಪು ಮೋಡ ಬಂದು ಸುರಿದೇಬಿಟ್ಟಿತು. ಸಂಡಿಗೆ ಮತ್ತೆ ಹಿಟ್ಟಾಯಿತು.

ಸಂಜೆ ಎದ್ದು ಬಂದ ಕ್ಯಾಪ್ಟನ್ ಕೈಕೈ ಹಿಸುಕಿಕೊಂಡ. ವಿಮಾನದವರ ಹವಾಮಾನವೆಲ್ಲ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಗಂಟೆಯಲ್ಲಿ ಇರುತ್ತದಂತೆ. ನಮ್ಮ ಗಡಿಯಾರ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಅಲ್ಲಿಗೆ ಅವನ ಹನ್ನೊಂದು ನಮ್ಮ ನಾಲ್ಕೂವರೆ. ಅಂದರೆ ಅವನು ಹೇಳಿದ್ದು ನಿಮಿಷ ತಪ್ಪದೆ ಸರಿಯಾಗಿತ್ತು, ಅದೇ ಅತ್ತೆಗೆ ಇನ್ನೂ ಸಿಟ್ಟು.

ಪ್ರಾಯಶ್ಚಿತ್ತಕ್ಕೆ ಅಂತ ಅವನು ಅತ್ತೆಗೆ ಮೆಟಾರ್ ಓದಲು ಕಲಿಸಿದ. ಏರ್‌ಪೋರ್ಟಿನಿಂದ ಅರ್ಧ ಗಂಟೆಗೊಮ್ಮೆ ಬರುವ ವರದಿ ಅದು. ಮೊದಲು ದಾಬೋಲಿಂನ ಗುರುತು, ವಿಓಜಿಓ. ಮಂಗಳೂರು ವಿಓಎಂಎಲ್, ಬೆಂಗಳೂರು ವಿಓಬಿಎಲ್, ಮುಂಬೈ ಮಾತ್ರ ವಿಎಬಿಬಿ. ಗೋವಾ ನಮ್ಮ ಸಾಲಿನಲ್ಲೇ ಕೂತಿದೆ ಅಂತ ಅತ್ತೆಗೆ ಭಾರಿ ಖುಷಿ. ಆಮೇಲೆ ಗಾಳಿ: 240 ಡಿಗ್ರಿಯಿಂದ 18 ನಾಟ್, ಅಂದರೆ ನೈರುತ್ಯದ ಕಡೆಯಿಂದ ಗಂಟೆಗೆ ಸುಮಾರು 33 ಕಿ.ಮೀ. ಆಮೇಲೆ ಎಷ್ಟು ಮೀಟರ್ ದೂರ ಕಾಣುತ್ತದೆ ಅನ್ನೋದು. ಅದಾದ ಮೇಲೆ ಮೋಡ. ಆಕಾಶವನ್ನು ಎಂಟು ಪಾಲು ಮಾಡಿ, ಎಷ್ಟು ಪಾಲು ಮೋಡ ಅಂತ ಲೆಕ್ಕ. ಎಡವಟ್ಟಾಗಿದ್ದು ಇಲ್ಲೇ. ಮರುವಾರ ಕ್ಯಾಪ್ಟನ್ “ಇವತ್ತು ಪೂರ್ತಿ ಎಂಟು ಅಜ್ಜಿ” ಅಂದದ್ದನ್ನು ಇವರು ಎಂಟಾಣೆ ಅಂತ ಹಿಡಿದುಕೊಂಡು, “ರೂಪಾಯಿಗೆ ಹದಿನಾರಾಣೆ, ಎಂಟಾಣೆ ಮೋಡ ಅಂದ್ರ ಅರ್ಧ ಮುಗಿಲು ಖಾಲಿ ಐತಿ” ಅಂತ ಎರಡು ಕೆಜಿ ಮೆಣಸಿನಕಾಯಿ ಹರವಿ ಬಂದರು. ಆ ಬ್ಯಾಡಗಿ ಮೆಣಸಿನಕಾಯಿಗೆ ಬೂಷ್ಟು ಬಂದದ್ದನ್ನು ನಾನು ಇಲ್ಲಿ ವಿವರಿಸುವುದಿಲ್ಲ.

ಇಷ್ಟೆಲ್ಲ ಕೇಳಿ ಕೇಳಿ ನನಗೂ ಒಂದಿಷ್ಟು ತಲೆಗೆ ಹತ್ತಿದೆ. ಎಲ್ಲರೂ ಕೇಳೋದು ಒಂದೇ, ಇಷ್ಟು ಮಳೆಯಲ್ಲಿ ಹೇಗೆ ಹಾರಿಸ್ತಾರೆ ಅಂತ. ಬರೀ ಮಳೆ ವಿಮಾನಕ್ಕೆ ಲೆಕ್ಕಕ್ಕೇ ಇಲ್ಲ. ತೊಂದರೆ ಕೊಡೋದು ಅದರ ಜೊತೆ ಬರುವ ನೆಂಟರು: ಕೆಳಗಿಳಿದ ಮೋಡ, ಅಡ್ಡಗಾಳಿ, ರನ್‌ವೇ ಮೇಲೆ ನಿಂತ ನೀರು. ಮಳೆಗಾಲದ ಗಾಳಿ ಸಮುದ್ರದಿಂದ ಬರುತ್ತದೆ, ದಾಬೋಲಿಂನ 26ನೇ ನಂಬರಿನ ರನ್‌ವೇ 260 ಡಿಗ್ರಿಗೆ, ಅಂದರೆ ಹೆಚ್ಚೂಕಡಿಮೆ ಸಮುದ್ರಕ್ಕೇ ಮುಖ ಮಾಡಿದೆ. ಹಾಗಾಗಿ ಗಾಳಿ ಮೂತಿಗೆ ಸಿಗುತ್ತದೆ, ಅದು ಒಳ್ಳೆಯದೇ. ಒಮ್ಮೊಮ್ಮೆ ಅದು ದಿಕ್ಕು ಬದಲಿಸಿ ಪಕ್ಕದಿಂದ ಗುದ್ದಿದಾಗ ಕಷ್ಟ. ಇನ್ನು, ಮಳೆಯಲ್ಲಿ ವಿಮಾನ ಧಡ್ ಅಂತ ಇಳಿದರೆ ಪೈಲಟ್‌ಗೆ ಬರಲ್ಲ ಅಂತ ಮೂಗು ಮುರಿಯಬೇಡಿ. ಬೇಕಂತಲೇ ಹಾಗೆ ಇಳಿಸುತ್ತಾರೆ, ಟೈರು ನೀರಿನ ಪದರ ಸೀಳಿ ನೆಲ ಹಿಡಿಯಲಿ ಅಂತ. ಹೂವಿನ ಹಾಗೆ ಇಳಿಸಲು ಹೋದರೆ ನೀರಿನ ಮೇಲೆ ಜಾರಬಹುದು.

ಇದನ್ನು ನನ್ನ ತಮ್ಮನಿಗೆ ಹೇಳಿ ನೋಡಿ! ಜುಲೈಯಲ್ಲಿ ಬೆಂಗಳೂರಿನಿಂದ ಹೊರಟ. ಗೋವಾದ ಮೇಲೆ ಬಂದು, ಸುತ್ತು ಹೊಡೆದು, ಇಳಿಯಲು ಹೋಗಿ ರನ್‌ವೇ ಕಾಣದೆ ಮತ್ತೆ ಮೇಲೆದ್ದು, ಇನ್ನಷ್ಟು ಸುತ್ತಿ, ವಾಪಸ್ ಬೆಂಗಳೂರಿಗೇ ಹೋಗಿ ಇಳಿದ. ನಿಗದಿ ಮಾಡಿದ ಎತ್ತರಕ್ಕೆ ಬಂದಾಗ ರನ್‌ವೇ ಕಾಣದಿದ್ದರೆ ಮೇಲೇಳಲೇಬೇಕು, ಇನ್ನೊಂದು ಏರ್‌ಪೋರ್ಟಿಗೆ ಹೋಗಿ, ಅದರ ಮೇಲೂ ಅರ್ಧ ಗಂಟೆ ಹಾರುವಷ್ಟು ಇಂಧನ ಉಳಿದಿರಲೇಬೇಕು. ನಿಯಮ ಇರೋದೇ ಹಾಗೆ. ತಮ್ಮ ಮಾತ್ರ ಫೋನಿನಲ್ಲಿ ಕೂಗಾಡುತ್ತಿದ್ದ. “ಅಕ್ಕಾ, ಹವಾಮಾನ ಸರಿಯಿಲ್ಲ ಅಂತಾರೆ, ಇಲ್ಲಿ ನೋಡಿದ್ರೆ ಬಿಸಿಲು ಹೊಡೀತಿದೆ!” ಬಿಸಿಲು ಅಲ್ಲಿ ಇದ್ದರೆ ಏನು ಬಂತೋ, ಇಳಿಯಬೇಕಾದ್ದು ಇಲ್ಲಿ ಅಲ್ವಾ ಅಂದೆ. ಪಕ್ಕದ ಸೀಟಿನವರು ಗಗನಸಖಿಗೆ, ಬಸ್ಸಿನ ಕಂಡಕ್ಟರಿಗೆ ಹೇಳುವಂತೆ, ಕಾರವಾರದಲ್ಲಾದರೂ ಇಳಿಸಿ ಅಂದರಂತೆ.

ಅತ್ತೆಗೆ ವಿಷಯ ಹೇಳಿದೆ. ಅವರು ಪೈಲಟ್ ಕಡೆ. “ಕಾಣಲಿಲ್ಲ ಅಂದ್ರ ಹೆಂಗ ಇಳಿಸಬೇಕವಾ, ಶಾಣ್ಯಾ ಇದ್ದಾನ” ಅಂದರು. ರಾತ್ರಿ ಬಸ್ಸು ಹಿಡಿದು ಮರುದಿನ ತಮ್ಮ ಬಂದ. ಅತ್ತೆಗಂತ ಅಮ್ಮ ಕಳಿಸಿದ್ದ ಕಾಯಿಹೋಳಿಗೆ ಡಬ್ಬಿಯನ್ನು ಟೇಬಲ್ ಮೇಲಿಟ್ಟ. ಮುಚ್ಚಳ ತೆಗೆದರೆ ಬಟರ್ ಪೇಪರ್ ಮಾತ್ರ ಇತ್ತು. ಸುತ್ತುವಾಗ ಹೆದರಿಕೆಗೆ ಹಸಿವಾಯಿತಂತೆ, ಪಕ್ಕದ ಸೀಟಿನವರಿಗೂ ಕೊಟ್ಟನಂತೆ. ಅತ್ತೆ ಆಗ ಬೈದದ್ದು ಹವಾಮಾನವನ್ನಲ್ಲ.