ಬೆಚ್ಚಗಿನ ಪದಾರ್ಥಗಳಿಗೆ ಪ್ರವೇಶವಿಲ್ಲ

ಧನುರ್ಮಾಸದ ಭಾನುವಾರ. ಬೆಳಿಗ್ಗೆ ಏಳಕ್ಕೆ ಮೊಬೈಲು 14 ಡಿಗ್ರಿ ಎಂದಿತು. ಬೆಂಗಳೂರಿನವರಿಗೆ 14 ಅಂದರೆ ಆಟವಲ್ಲ. ಬೀರುವಿನಿಂದ ನುಸಿಗುಳಿಗೆ ವಾಸನೆಯ ಸ್ವೆಟರುಗಳು ಹೊರಬಂದವು. ಅಪ್ಪನ ಕಾಲದ ಮಂಕಿ ಕ್ಯಾಪ್ ಬಂತು. ಇದೇ ಊರಿನಲ್ಲಿ 1884ರ ಜನವರಿ 13ರಂದು 7.8 ಡಿಗ್ರಿಗೆ ಇಳಿದಿತ್ತು, ಆ ದಾಖಲೆಯನ್ನು ಇನ್ನೂ ಯಾರೂ ಮುರಿದಿಲ್ಲ ಎಂದು ಓದಿ ಹೇಳಿದೆ. "ಆ ಮಲ್ಟಿಪ್ಲೆಕ್ಸಿನೋರು ಮುರಿದಿದ್ದಾರಲ್ಲ" ಎಂದಳು ಅಮ್ಮ, ಹುಗ್ಗಿಗೆ ತುಪ್ಪ ಹಾಕಿಕೊಳ್ಳುತ್ತಾ. ಹೋದ ವರ್ಷ ಒಂದು ಸಿನಿಮಾ ನೋಡಿ ಬಂದು ನಾಲ್ಕು ದಿನ ಮೂಗು ಸುರಿಸಿದ ಅನುಭವ ಅವಳದು.

ಮಗನಿಗೆ ಹತ್ತು ವರ್ಷ. ಸಮುದ್ರದಿಂದ ಎದ್ದು ಬಂದು ಊರು ತುಳಿಯುವ ದೈತ್ಯ ಹಲ್ಲಿಯ ಸಿನಿಮಾ ನೋಡದಿದ್ದರೆ ಸೋಮವಾರ ಸ್ಕೂಲಲ್ಲಿ ಮುಖ ತೋರಿಸೋ ಹಾಗಿಲ್ಲ ಎಂದು ಹಟ ಹಿಡಿದ. ಹೆಂಡತಿ ಕೂತಲ್ಲೇ ನಾಲ್ಕು ಟಿಕೆಟ್ ಬುಕ್ ಮಾಡಿದಳು. ಸರ್ಕಾರ 2025ರ ಸೆಪ್ಟೆಂಬರಿನಲ್ಲಿ, ತೆರಿಗೆ ಬಿಟ್ಟು 200 ರೂಪಾಯಿಗಿಂತ ಜಾಸ್ತಿ ತಗೋಬೇಡಿ ಎಂದು ನಿಯಮ ಮಾಡಿತ್ತು. ತಿಂಗಳು ತುಂಬುವುದರೊಳಗೆ ಹೈಕೋರ್ಟು ತಡೆ ಕೊಟ್ಟಿತು. ವ್ಯಾಜ್ಯ ಸುಪ್ರೀಂ ಕೋರ್ಟಿಗೂ ಹೋಯಿತು. ನೀರಿನ ಬಾಟಲಿಗೆ 100, ಕಾಫಿಗೆ 700 ಇಡ್ತೀರಲ್ಲ ಎಂದು ಅಲ್ಲಿನ ನ್ಯಾಯಮೂರ್ತಿಗಳು ಕೇಳಿದ್ದು ನವೆಂಬರಿನಲ್ಲಿ ಪೇಪರಿಗೆ ಬಂತು. ಅವರು ಕೇಳಿದರು, ನಾವು ಓದಿದೆವು, ಕಾಫಿ ತನ್ನ ಪಾಡಿಗೆ ತಾನಿತ್ತು. ನಮ್ಮ ನಾಲ್ಕು ಟಿಕೆಟ್ಟಿನ ಮೊತ್ತವನ್ನು ಹೆಂಡತಿ ಇನ್ನೂ ನನಗೆ ಹೇಳಿಲ್ಲ. ಸಂಸಾರ ಚೆನ್ನಾಗಿ ನಡೀಬೇಕಲ್ಲ.

ಅಮ್ಮ ಮಾತ್ರ ಯುದ್ಧಕ್ಕೆ ಹೊರಟವಳ ಹಾಗೆ ತಯಾರಾದಳು. ಹಳೇ ಹಾರ್ಲಿಕ್ಸ್ ಬಾಟಲಿಯಲ್ಲಿ ಹುರಿದ ಅವರೆಬೇಳೆ, ಕರಿಬೇವು ಇಂಗು ಒಗ್ಗರಣೆ ಸಮೇತ. ಫ್ಲಾಸ್ಕಿನಲ್ಲಿ ಶುಂಠಿ ಮೆಣಸಿನ ಕಷಾಯ. ಮೇಲೊಂದು ಶಾಲು. ಅವರೆಕಾಯಿ ಕಾಲದಲ್ಲಿ ಕೈಬೀಸಿಕೊಂಡು ಹೋಗುವುದು ಅವಳ ಪ್ರಕಾರ ಅವಲಕ್ಷಣ.

ಬ್ಯಾಗ್ ನೋಡುವ ಟೇಬಲ್ಲಿನ ಹತ್ತಿರ ಹಾವೇರಿ ಕಡೆಯ ಹುಡುಗ ನಿಂತಿದ್ದ. ನೆತ್ತಿಯ ಮೇಲೇ ಎಸಿಯ ಕಿಂಡಿ. ಯೂನಿಫಾರ್ಮಿನ ತೋಳನ್ನು ಬೆರಳ ತುದಿವರೆಗೆ ಎಳೆದುಕೊಂಡಿದ್ದ. ಬಾಟಲಿ ತೆಗೆದ. ಮುಚ್ಚಳ ತಿರುವಿದ. ಸೊಗಡು ಇಡೀ ಲಾಬಿಗೆ ಹರಡಿತು. ಹಿಂದೆ ಕ್ಯೂನಲ್ಲಿದ್ದ ನಾಲ್ಕು ಜನ ತಿರುಗಿ ನೋಡಿದರು.

"ಅಮ್ಮಾರ, ಹೊರಗಿನ ತಿನಿಸು ಒಳಗ ಒಯ್ಯಂಗಿಲ್ರಿ."

"ಹೊರಗಿಂದಲ್ಲಪ್ಪ, ಮನೇದು."

ನಾನು ಓದಿಕೊಂಡವನು, ಸುಮ್ನಿರಲಾಗಲಿಲ್ಲ. ಅಮ್ಮನಿಗೆ ಕಾನೂನು ಬಿಡಿಸಿ ಹೇಳಿದೆ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಥಿಯೇಟರು ಮಾಲೀಕನ ಆಸ್ತಿ, ಹೊರಗಿನ ತಿಂಡಿ ಬೇಡ ಅನ್ನಲು ಅವನಿಗೆ ಹಕ್ಕಿದೆ ಎಂದು ತೀರ್ಪು ಕೊಟ್ಟಿದೆ. ಯಾರೋ ಜಿಲೇಬಿ ತಿಂದು ಅಂಟು ಕೈಯನ್ನು ಸೀಟಿಗೆ ಒರೆಸಿದರೆ ತೊಳೆಯುವವರು ಯಾರು ಎಂಬ ಪ್ರಶ್ನೆಯೂ ವಿಚಾರಣೆಯಲ್ಲಿ ಬಂದಿತ್ತು. ಕುಡಿಯುವ ನೀರು ಪುಕ್ಕಟೆ ಕೊಡಬೇಕು. ಎಳೆ ಮಕ್ಕಳಿಗೆ ಬೇಕಾದ ತಿನಿಸನ್ನು ಅಪ್ಪ ಅಮ್ಮ ತರಬಹುದು.

ಕೊನೆಯ ಮಾತು ಹೇಳಬಾರದಿತ್ತು.

ಅಮ್ಮ ಅತ್ತ ತಿರುಗಿದಳು. ಇತ್ತ ತಿರುಗುವಷ್ಟರಲ್ಲಿ ಹಲ್ಲಿನ ಸೆಟ್ಟು ಅಂಗೈಯಲ್ಲಿತ್ತು. ಅದನ್ನು ಹುಡುಗನ ಮೂಗಿನ ಹತ್ತಿರ ಹಿಡಿದಳು. "ನೋದಪ್ಪಾ. ಒಂದೂ ಹಲ್ಲಿಲ್ಲ. ನಾನೂ ಎಳೇ ಮಗೂನೇ. ಇವನು ನನ್ನ ಕರ್ಕೊಂದು ಬಂದಿರೋ ಅಪ್ಪ ಅಂತ ಬರ್ಕೋ."

"ಹಲ್ಲ ಹಾಕ್ಕೋರಿ ಅಮ್ಮಾರ, ಮಂದಿ ನೋಡಾಕತ್ತಾರ" ಎಂದು ಹುಡುಗ ಬೆವರಿದ. ಅಷ್ಟು ಚಳಿಯಲ್ಲಿ ಆ ಕಟ್ಟಡದಲ್ಲಿ ಬೆವರಿದವನು ಅವನೊಬ್ಬನೇ ಇರಬೇಕು. ವಾಕಿಟಾಕಿಯಲ್ಲಿ ಮೇಲಿನವರನ್ನು ಕೇಳಿದ. ಹಲ್ಲಿಲ್ಲದ ಹಿರಿಯರ ಬಗ್ಗೆ ಮೇಲಿನವರಿಗೆ ಸೂಚನೆ ಬಂದಿರಲಿಲ್ಲ. ಬಾಟಲಿಗೂ ಫ್ಲಾಸ್ಕಿಗೂ ಸೇರಿಸಿ ಒಂದು ಟೋಕನ್ ಕೊಟ್ಟ. ಕಷಾಯ ಹೌದೋ ಅಲ್ಲವೋ ಎಂದು ಫ್ಲಾಸ್ಕು ತೆರೆದಾಗ ಆವಿ ಅವನ ಮುಖಕ್ಕೆ ಬಡಿಯಿತು. ತಪಾಸಣೆಗೆ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತೇ ಕಣ್ಣು ಮುಚ್ಚಿಕೊಂಡು ನಿಂತಿದ್ದ.

ಒಳಗೆ ಸೀಟು ಫ್ರಿಜ್ಜಿನ ಟ್ರೇ ಮುಟ್ಟಿದ ಹಾಗಿತ್ತು. ಎಸಿಗಳನ್ನು 20ಕ್ಕಿಂತ ಕೆಳಗೆ ಇಳಿಸಲಾಗದಂತೆ ಮಾಡುತ್ತೇವೆ ಎಂದು ಕೇಂದ್ರದ ವಿದ್ಯುತ್ ಸಚಿವರು 2025ರ ಜೂನ್‌ನಲ್ಲಿ ಹೇಳಿದ್ದರು. ಆ ಸುದ್ದಿ ಈ ಪರದೆಯವರೆಗೆ ಬಂದ ಹಾಗಿರಲಿಲ್ಲ. ಟಾರ್ಚು ಹಿಡಿದು ಬಂದವನನ್ನು ಸ್ವಲ್ಪ ಕಡಿಮೆ ಮಾಡಪ್ಪಾ ಎಂದೆ.

"ನಮ್ ಕೈಲಿಲ್ಲ ಸಾರ್. ಮೇಲಿಂದ ಕಂಟ್ರೋಲ್ ಆಗುತ್ತೆ."

"ಮೇಲಿಂದ ಅಂದ್ರೆ? ದೇವರಾ?" ಎಂದಳು ಅಮ್ಮ. ಹಲ್ಲು ವಾಪಸು ಬಾಯಿಗೆ ಹೋಗಿತ್ತು.

ದುಬಾರಿ ಟಿಕೆಟ್ಟಿನ ಪರದೆಗಳಲ್ಲಾದರೆ ಹೊದಿಕೆಯೂ ಸಿಗುತ್ತದೆ ಎಂದು ಹೆಂಡತಿ ಕಿವಿಯಲ್ಲಿ ಹೇಳಿದಳು. ಮೊದಲು ಚಳಿ ಮಾರಬೇಕು, ಆಮೇಲೆ ಕಂಬಳಿ ಮಾರಬೇಕು. ಸಂತೆಯಲ್ಲಿ ಕೂತ ನಮ್ಮ ಕುರುಬರಿಗೆ ಈ ಉಪಾಯ ಹೊಳೆಯಲೇ ಇಲ್ಲ ನೋಡಿ.

ಹಲ್ಲಿ ಬರುವ ಮೊದಲು ಜಾಹೀರಾತು ಬಂದವು. ಎಸಿ, ಫ್ರಿಜ್ಜು, ಐಸ್‌ಕ್ರೀಮು. ಇಂಥದ್ದೇ 25 ನಿಮಿಷ ನೋಡಿ ಬೇಸತ್ತ ಪ್ರೇಕ್ಷಕನೊಬ್ಬ ನಮ್ಮ ಊರಲ್ಲೇ ಗ್ರಾಹಕರ ಆಯೋಗಕ್ಕೆ ಹೋಗಿ 2025ರ ಫೆಬ್ರುವರಿಯಲ್ಲಿ ಗೆದ್ದಿದ್ದ. ಮುಂದಿನ ತಿಂಗಳು ಹೈಕೋರ್ಟು ಆ ಆದೇಶಕ್ಕೂ ತಡೆ ಕೊಟ್ಟಿತು. ಈ ವಿಷಯದಲ್ಲಿ ತಡೆ ಇಲ್ಲದೆ ಓಡುವುದು ಜಾಹೀರಾತು ಒಂದೇ.

ಕೊನೆಗೆ ಹಲ್ಲಿ ಎದ್ದಿತು. ಸೇತುವೆ ಮುರಿಯಿತು, ರೈಲು ಕಚ್ಚಿತು, ಊರಿಗೆ ಊರೇ ಹೊತ್ತಿ ಉರಿಯಿತು. ಪರದೆ ತುಂಬಾ ಹೊಗೆ. ಅಷ್ಟರಲ್ಲಿ ಮೂಲೆಯಲ್ಲೊಬ್ಬ ಸೈನಿಕ ಸಿಗರೇಟು ಹಚ್ಚಿದ. ತಕ್ಷಣ ಕೆಳಗೆ, ಧೂಮಪಾನ ಆರೋಗ್ಯಕ್ಕೆ ಹಾನಿಕರ ಎಂಬ ಸಾಲು. ಊರು ಸುಟ್ಟ ಹೊಗೆಗೆ ಎಚ್ಚರಿಕೆ ಇರಲಿಲ್ಲ. ಆಗ ಹಲ್ಲಿ ಬಾಯಿ ತೆರೆದು ಬೆಂಕಿ ಉಗುಳಿತು. ಹಾಲೆಲ್ಲ ಕಿತ್ತಳೆ ಬಣ್ಣ. ಪಕ್ಕಕ್ಕೆ ನೋಡಿದರೆ ಅಮ್ಮ ಶಾಲಿನಿಂದ ಎರಡೂ ಕೈ ಹೊರತೆಗೆದು, ಬಚ್ಚಲ ಒಲೆಯ ಮುಂದೆ ಕೂತವಳ ಹಾಗೆ ಪರದೆಗೆ ಅಂಗೈ ಹಿಡಿದಿದ್ದಳು. "ಪಾಪ, ಅದನ್ಯಾಕೋ ಹೊಡೀತಾರೆ?" ಎಂದಳು.

ಇಂಟರ್ವಲ್ಲಿನಲ್ಲಿ ಮಗನಿಗೆ ಪಾಪ್‌ಕಾರ್ನ್ ಬೇಕೇ ಬೇಕಿತ್ತು. ಬಿಲ್ಲು 480 ರೂಪಾಯಿ. ಪಾಪ್‌ಕಾರ್ನಿನ ಬಗ್ಗೆ ಈ ದೇಶ ತಲೆ ಕೆಡಿಸಿಕೊಂಡಿಲ್ಲ ಅನ್ನುವಂತಿಲ್ಲ. 2024ರ ಡಿಸೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಜೈಸಲ್ಮೇರಿನಲ್ಲಿ ಸೇರಿ ಅದಕ್ಕೆ ಮೂರು ಪಂಕ್ತಿ ಹಾಕಿತು. ಬಿಡಿಯಾಗಿ ಉಪ್ಪು ಖಾರ ಹಾಕಿದ್ದು ಶೇಕಡಾ 5ರ ಪಂಕ್ತಿ. ಅದೇ ಜೋಳ ಪೊಟ್ಟಣ ಹೊಕ್ಕರೆ 2025ರ ಸೆಪ್ಟೆಂಬರಿನವರೆಗೆ 12 ಇತ್ತು. ಸಕ್ಕರೆ ಪಾಕ ಮೈಗೆ ಹಚ್ಚಿಕೊಂಡು ಕ್ಯಾರಮೆಲ್ ಆದರೆ ಮಿಠಾಯಿಯವರ ಜೊತೆ 18ರ ಪಂಕ್ತಿ. ಪಂಕ್ತಿಭೇದದಲ್ಲಿ ನಮ್ಮನ್ನು ಮೀರಿಸುವವರಿಲ್ಲ, ಜೋಳವನ್ನೂ ಬಿಡಲಿಲ್ಲ. ಎಷ್ಟು ತೆರಿಗೆ ಎಂದು ಅಷ್ಟೆಲ್ಲ ಚರ್ಚೆಯಾಯಿತು. ಎಷ್ಟರ ಮೇಲೆ ಎಂದು ಕೇಳುವ ಮಂಡಳಿ ಮಾತ್ರ ಇನ್ನೂ ಹುಟ್ಟಿಲ್ಲ.

2025ರ ಚಳಿಗಾಲದಲ್ಲೇ ಗದಗ, ಹಾವೇರಿ ಕಡೆ ರೈತರು ಮೆಕ್ಕೆಜೋಳವನ್ನು ಬೆಂಬಲ ಬೆಲೆಗೆ ಕೊಳ್ಳಿ ಎಂದು ಬೀದಿಗೆ ಇಳಿದಿದ್ದರು. ಆ ಬೆಲೆ ಆಗ ಕ್ವಿಂಟಲಿಗೆ 2,400 ರೂಪಾಯಿ ಇತ್ತು. ಕಿಲೋಗೆ 24 ಆಯಿತು. ಅಂದರೆ ನನ್ನ ಮಗನ ತೊಡೆಯ ಮೇಲೆ 20 ಕಿಲೋ ಜೋಳದ ದುಡ್ಡು ಕೂತಿತ್ತು. ಪಾಪ್‌ಕಾರ್ನಿನ ಜೋಳ ಬೇರೆ ತಳಿ ಎಂದು ಕೃಷಿ ಓದಿದವರು ತಿದ್ದಲು ಬರಬೇಡಿ, ಗೊತ್ತು. ಹೊಟ್ಟೆ ಉರಿಯಲ್ಲಿ ತಳಿ ಇರುವುದಿಲ್ಲ.

ಅಮ್ಮನಿಗೆ ಪುಕ್ಕಟೆ ನೀರು ತರಲು ಹೋದೆ. ಅದೂ ತಣ್ಣೀರು. ಬಿಸಿನೀರು ಇದೆಯಾ ಎಂದೆ. "ಗ್ರೀನ್ ಟೀ ತಗೊಂಡ್ರೆ ಅದ್ರಲ್ಲಿ ಬರುತ್ತೆ ಸಾರ್" ಎಂದ ಕೌಂಟರಿನ ಹುಡುಗ.

ಸಿನಿಮಾ ಮುಗಿಯಿತು. ಹಲ್ಲಿಯನ್ನು ಹೇಗೆ ಸೋಲಿಸಿದರು ಗೊತ್ತೇ? ಹಿಮದಲ್ಲಿ ಹೂತು ಹಾಕಿ. ಅಮ್ಮ ಶಾಲು ಬಿಗಿ ಮಾಡಿಕೊಂಡು ಏನೂ ಮಾತಾಡದೆ ಎದ್ದಳು.

ಹೊರಗೆ ಟೋಕನ್ ಕೊಟ್ಟೆವು. ಹಾವೇರಿ ಹುಡುಗ ಫ್ಲಾಸ್ಕು ಕೊಟ್ಟ. ಬಾಟಲಿ ಕೊಡುವಾಗ ಮುಖ ಕೆಳಗೆ ಹಾಕಿದ. ಕುತ್ತಿಗೆವರೆಗೆ ಇದ್ದ ಅವರೆಬೇಳೆ ಅರ್ಧಕ್ಕೆ ಇಳಿದಿತ್ತು.

"ತಪ್ಪಾತ್ರಿ ಅಮ್ಮಾರ. ವಾಸನಿ ತಡ್ಕೊಳ್ಳಾಕ ಆಗ್ಲಿಲ್ಲ."

ಆಮೇಲೆ ಅವನ ಕಣ್ಣು ಮಗನ ಕೈಯಲ್ಲಿದ್ದ ಡಬ್ಬದ ಮೇಲೆ ಬಿತ್ತು. "ಎಷ್ಟ ಕೊಟ್ರಿ ಸಾರ್ ಇದಕ್ಕ?" ಹೇಳಿದೆ. ಒಂದು ಗಳಿಗೆ ಸುಮ್ಮನಿದ್ದ. "ನಮ್ಮಪ್ಪ ಹೋದ ವಾರ ಗೋವಿನಜೋಳ ಕ್ವಿಂಟಲಿಗೆ 1,700ಕ್ಕ ಕೊಟ್ಟು ಬಂದಾನ್ರಿ" ಎಂದ.

ಅಮ್ಮ ಫ್ಲಾಸ್ಕಿನ ಮುಚ್ಚಳಕ್ಕೆ ಕಷಾಯ ಬಗ್ಗಿಸಿದಳು. ಇನ್ನೂ ಹೊಗೆಯಾಡುತ್ತಿತ್ತು. ಅವನ ಕೈಗೆ ಕೊಟ್ಟು ಕೇಳಿದಳು.

"ಅದೆಲ್ಲ ಇರ್ಲಿ, ಉಪ್ಪು ಸರಿ ಇತ್ತೇನಪ್ಪಾ?"

"ಉಪ್ಪ ಸರಿ ಐತ್ರಿ. ಖಾರ ಸ್ವಲ್ಪ ಕಡಿಮಿ ಆತು."